ಹಲ್ಲಿನ ಮೇಲಿನ ಹಲ್ಲು

ಜಾಹೀದಾ ರೊಟ್ಟಿ ಬಡಿದು ಹಂಚಿಗೆ ಹಾಕಿದ್ದಳು. ಒದ್ದೆ ಬಟ್ಟೆಯಿಂದ ಅದರ ಮೇಲೆ ನೀರು ಸವರಬೇಕು, ಅಷ್ಟರಲ್ಲಿ ಹಿತ್ತಲ ಬಚ್ಚಲಿನಿಂದ ಮಗಳು ಚೀರಿದ್ದು ಕೇಳಿತು.

“ಅಮ್ಮೀ! ಬಾಯಿ ಉರ್ಯಾಕತ್ತೈತಿ! ಅಮ್ಮೀ!”

ಹಿಟ್ಟಿನ ಕೈಯಲ್ಲೇ ಓಡಿದಳು. ಹದಿಮೂರು ವರ್ಷದ ಬೇನಜೀರ ನಳದ ಕೆಳಗೆ ಬಾಯಿ ಹಿಡಿದು ಕುಳಿತಿದ್ದಳು. ತುಟಿ ಕೆಂಪಗೆ ಊದಿತ್ತು. ಹಲ್ಲು ನೆಟ್ಟಗಾಗಲೆಂದು ರಾಣೆಬೆನ್ನೂರಿನ ಡಾಕ್ಟರು ಕೊಟ್ಟಿದ್ದ ಅಲೈನರ್, ಗಾಜಿನ ಹಾಗೆ ತಿಳಿಯಾದ ಆ ಪ್ಲಾಸ್ಟಿಕ್ ಅಚ್ಚು, ಬಚ್ಚಲ ಕಲ್ಲಿನ ಮೇಲೆ ಬಿದ್ದಿತ್ತು. ಜಾಹೀದಾ ಅದನ್ನು ಎತ್ತಿ ಮೂಸಿದಳು. ಆಮೇಲೆ ತನ್ನ ಬೆರಳು ಮೂಸಿದಳು. ಎರಡಕ್ಕೂ ಒಂದೇ ವಾಸನೆ.

ಬ್ಯಾಡಗಿಯ ಆ ಓಣಿಯಲ್ಲಿ ಮೆಣಸಿನಕಾಯಿ ಇಲ್ಲದ ಪಡಸಾಲೆಯೇ ಇಲ್ಲ. ಅಂಗಡಿಯವರು ಚೀಲ ಇಳಿಸಿ ಹೋಗುತ್ತಾರೆ, ಹೆಂಗಸರು ಸುತ್ತ ಕುಳಿತು ತುಂಬು ಬಿಡಿಸುತ್ತಾರೆ. ಒಂದೊಂದೇ ಕಾಯಿಯ ತೊಟ್ಟು ಕಿತ್ತು ಬೇರೆ ರಾಶಿ ಹಾಕುತ್ತಾರೆ. ಜಾಹೀದಾ ಅವತ್ತು ನಮಾಜು ಮುಗಿಸಿದವಳೇ ಹಿಂದಿನ ದಿನ ಉಳಿದಿದ್ದ ರಾಶಿಗೆ ಕೈ ಹಾಕಿದ್ದಳು. ಆಮೇಲೆ ಸಾಬೂನು ಹಚ್ಚಿ ಕೈ ತೊಳೆದುಕೊಂಡು, ಮಗಳು ಇನ್ನೂ ನಿದ್ದೆಗಣ್ಣಿನಲ್ಲಿದ್ದಾಳಲ್ಲ ಎಂದು, ತಾನೇ ಅಚ್ಚನ್ನು ತಿಕ್ಕಿ ತೊಳೆದು ಡಬ್ಬಿಯಲ್ಲಿ ಇಟ್ಟಿದ್ದಳು. ಕಾಯಿಯ ಖಾರ ಒಂದು ಸಾಬೂನಿಗೆ ಬಿಟ್ಟು ಹೋಗುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮೊದಲೇ, ಕೆಲವು ವಾರಕ್ಕೊಮ್ಮೆ ಬದಲಾಗುವ ಹೊಸ ಅಚ್ಚಿನ ಒತ್ತಡಕ್ಕೆ ನೊಂದಿದ್ದ ವಸಡು, ಅದರ ಮೇಲೆ ಈ ಖಾರ.

“ನನ್ನ ಕೈಯಾಗ ಹುಳಾ ಬೀಳ್ಲಿ,” ಎನ್ನುತ್ತ ತಣ್ಣನೆಯ ಮಜ್ಜಿಗೆ ತಂದು ಬಾಯಿಗೆ ಹೊಯ್ದಳು. “ಬಾಯಾಗ ಇಟ್ಕೋ ಬೇನು, ಲಗೂನ ಉಗಳಬ್ಯಾಡ. ಹಾಂ, ಹಂಗ.”

ಅತ್ತೆ ಶರೀಫಾಬಿ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. “ಏನಾತ? ನಮ್ಮ ಕಾಲದಾಗ ಹಲ್ಲ ಹುಟ್ಟಿದ್ರ ಸಾಕಾಗಿತ್ತ. ಈಗ ಹಲ್ಲಿಗೂ ಡ್ರಿಲ್ ಮಾಡಸ್ತಾರ, ಸಾಲಾಗಿ ನಿಂದ್ರು ಅಂತ!”

ಬೇರೆ ದಿನವಾಗಿದ್ದರೆ ಬೇನಜೀರ ನಗುತ್ತಿದ್ದಳು. ಅವತ್ತು ಮಜ್ಜಿಗೆ ಉಗುಳಿ, “ನಾ ಇದನ್ನ ಇನ್ನ ಹಾಕ್ಕೊಳ್ಳಂಗಿಲ್ಲ,” ಎಂದಳು. ಒಳಗೆ ಹಂಚಿನ ಮೇಲೆ ರೊಟ್ಟಿ ಹೊತ್ತಿ ಹೊಗೆ ಏಳುತ್ತಿತ್ತು.

ಆ ಮಾತು ಜಾಹೀದಾಳ ಎದೆಯಲ್ಲಿ ಕುಳಿತುಬಿಟ್ಟಿತು. ಈ ಹಲ್ಲಿನ ಕೆಲಸ ಅವಳ ಗಂಡ ದಿಲಾವರ ಮಗಳಿಗೆ ಕೊಟ್ಟ ಮಾತು. ಬೇನಜೀರಳ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇನ್ನೊಂದರ ಹೆಗಲ ಮೇಲೆ ಹತ್ತಿ ಕುಳಿತಿತ್ತು. ಸಾಲೆಯಲ್ಲಿ ಹುಡುಗಿಯರು ಅಣಕಿಸಿದರೆಂದು ಅವಳು ಅತ್ತು ಬಂದಾಗ, “ದೊಡ್ಡಾಕಿ ಆಗು, ಮಾಡಸ್ತೀನಿ,” ಎಂದಿದ್ದ. ಮಾಡಿಸುವ ಮೊದಲೇ, ಎರಡು ವರ್ಷದ ಹಿಂದೆ, ಕಾಮಾಲೆ ಬಂದು ಹೋಗಿಬಿಟ್ಟ. ಹಾವೇರಿಯಲ್ಲಿರುವ ತಮ್ಮ ಫಿರೋಜ್, “ಭಾವನ ಮಾತ ಅದು, ಹಂಗ ಬಿಡೂದ ಬ್ಯಾಡ ಆಪಾ,” ಎಂದು ತಾನೇ ಮುಂದೆ ನಿಂತು ಶುರು ಮಾಡಿಸಿದ್ದ. ತೀರಿಹೋದವನ ಮಾತಲ್ಲಿ ಇದೊಂದಾದರೂ ನಡೆಯಲಿ ಎಂದು ಜಾಹೀದಾ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಈಗ ತನ್ನ ಕೈಯ ಖಾರವೇ ಅದನ್ನು ಕೆಡಿಸಬೇಕೆ?

ಅವತ್ತಿನಿಂದ ಅವಳು ಹುಷಾರಾದಳು. ಕೈಗೆ ಶೇಂಗಾ ಎಣ್ಣೆ ಸವರಿಕೊಳ್ಳದೆ ರಾಶಿಯ ಮುಂದೆ ಕೂರಲಿಲ್ಲ. ಅಚ್ಚಿನ ಡಬ್ಬಿಯನ್ನು ಗೋಡೆಯ ಮೇಲಿನ ಹಲಗೆಗೆ ಎತ್ತಿಟ್ಟು, “ನಿನ್ನ ಕೈಲೇ ನೀನ ತಕ್ಕೊ, ನೀನ ತೊಳಕೊ. ನಾ ಇನ್ನ ಅದನ್ನ ಮುಟ್ಟಂಗಿಲ್ಲ,” ಎಂದಳು. ಡಾಕ್ಟರು ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡಳು. ಹೊಸ ಅಚ್ಚನ್ನು ಮಲಗುವಾಗ ಹಾಕಿಕೊಂಡರೆ ಮೊದಲ ನೋವು ನಿದ್ದೆಯಲ್ಲೇ ಕಳೆಯುತ್ತದೆ. ಅವರು ಕೊಟ್ಟ ಮೆತ್ತನೆಯ ರಬ್ಬರಿನ ಸುರುಳಿಯನ್ನು ಕಚ್ಚುತ್ತಿದ್ದರೆ ಅಚ್ಚು ಹಲ್ಲಿಗೆ ಸರಿಯಾಗಿ ಕೂರುತ್ತದೆ. ಬಿಸಿನೀರು ತಾಗಿಸಬಾರದು, ಅಚ್ಚು ಸೊಟ್ಟಗಾಗುತ್ತದೆ. ಅಂಚು ಒಳಗೆ ಚುಚ್ಚಿದರೆ ಹೇಳಬೇಕು, ಅವರು ಉಜ್ಜಿ ನಯ ಮಾಡಿ ಕೊಡುತ್ತಾರೆ. ಜಾಹೀದಾ ರೊಟ್ಟಿಯನ್ನು ಹಾಲಲ್ಲಿ ನೆನೆಸಿದಳು, ಅನ್ನವನ್ನು ಮೆತ್ತಗೆ ಕುದಿಸಿದಳು, ಪಲ್ಯಕ್ಕೆ ಖಾರ ಹಾಕುವುದನ್ನೇ ಬಿಟ್ಟಳು.

“ಬ್ಯಾಡಗ್ಯಾಗ ಹುಟ್ಟಿ ಸಪ್ಪನ ಪಲ್ಯ ತಿನ್ನೂ ಹಣೇಬರ ನಂದು,” ಎಂದು ಶರೀಫಾಬಿ ಗೊಣಗುತ್ತ ಅದನ್ನೇ ಉಂಡಳು.

ದಿನ ಕಳೆದಂತೆ ಮಗಳ ನೋವು ಇಳಿಯುತ್ತಾ ಬಂದಂತೆ ಕಂಡಿತು. ಹಾಲಿನ ರೊಟ್ಟಿ ಬೇಡ ಎಂದಳು. ಒಂದು ಮಧ್ಯಾಹ್ನ ಖಡಕ್ ರೊಟ್ಟಿಯನ್ನೇ ಕಟಕಟ ಕಡಿದು ತಿಂದಳು. ಮೈ ಹಗುರಾಗಿ ಜಾಹೀದಾ, “ನೋಡ್ರಿ ಅಮ್ಮಾ, ಹಲ್ಲ ಒಗ್ಗಿದ್ವು,” ಎಂದು ಅತ್ತೆಗೆ ಹೇಳಿದಳು.

ಶರೀಫಾಬಿ ಮೊಮ್ಮಗಳನ್ನು ಹತ್ತಿರ ಕರೆದಳು. ಅವಳಿಗೆ ಕಣ್ಣು ಮಂಜು. ಗದ್ದ ಹಿಡಿದು, ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ, “ನಗು ಒಂಚೂರು,” ಎಂದಳು. ಬೇನಜೀರ ತುಟಿ ಬಿಚ್ಚಿದಳು. ಮುದುಕಿ ಬಹಳ ಹೊತ್ತು ನೋಡಿದಳು.

“ಚೆಂದ ಆಗಾಕತ್ತಾವ,” ಎಂದಳು ಕೊನೆಗೆ. ಗದ್ದ ಬಿಟ್ಟು ರಾಶಿಯ ಕಡೆ ತಿರುಗಿ ಕುಳಿತು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೆಣಸಿನಕಾಯಿ ಹರವಿದ ಮನೆಯಲ್ಲಿ ಎಲ್ಲರ ಕಣ್ಣಲ್ಲೂ ಯಾವಾಗಲೂ ನೀರು. ಘಾಟಿಗೆ ಅಂದುಕೊಳ್ಳುತ್ತಾರೆ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಜಾಹೀದಾಳೂ ಕೇಳಲಿಲ್ಲ. ಅವಳಿಗೂ ಏನೋ ಹೊಳೆದಿತ್ತು, ಆದರೆ ಅದನ್ನು ಬಾಯಿಗೆ ತರುವ ಧೈರ್ಯ ಬರಲಿಲ್ಲ.

ದಿಲಾವರನ ಬಾಯಲ್ಲೂ ಅದೇ ಹಲ್ಲು. ಅದೇ ಕಡೆ, ಅದೇ ಹಾಗೆ ಹೆಗಲೇರಿ ಕುಳಿತಿತ್ತು. ಫೋಟೋ ಅಂದರೆ ಅವನು ಬಾಯಿ ಮುಚ್ಚಿ ನಿಲ್ಲುತ್ತಿದ್ದ. ಅವನು ನಕ್ಕ ಒಂದು ಫೋಟೋ ಸಹ ಮನೆಯಲ್ಲಿಲ್ಲ. ಬಾಡಿಗೆ ಮುಗಿದ ದಿನ ತನ್ನ ಮಾಲಿನ ಟೆಂಪೋ ತಂದು ಸಾಲೆಯ ಗೇಟಿನ ಮುಂದೆ ನಿಲ್ಲಿಸುತ್ತಿದ್ದ. ಬಿಳಿ ದುಪಟ್ಟಾ ಹೊದ್ದ ಹುಡುಗಿಯರು ಗುಂಪಾಗಿ ಹೊರಬೀಳುವಾಗ, “ಇದರಾಗ ನಮ್ಮಾಕಿ ಯಾರ್ರೆಪ್ಪಾ? ಎಲ್ಲಾ ಒಂದ ನಮೂನಿ ಅದಾವ! ಬೇನೂ, ನಕ್ಕ ತೋರ್ಸು!” ಎಂದು ಕೂಗುತ್ತಿದ್ದ. ಗುಂಪಿನ ನಡುವಿನಿಂದ ಅವಳು ಹಲ್ಲು ಕಿರಿಯುತ್ತಿದ್ದಳು. “ಸಿಕ್ಕಳ ನೋಡು, ನನ್ನ ಹಲ್ಲ ಕದ್ದಾಕಿ!” ಎನ್ನುತ್ತಿದ್ದ. ಓಣಿಯವರಿಗೆಲ್ಲ ಗೊತ್ತಿದ್ದ ಆಟ ಅದು.

ಮುಂದಿನ ಸಲ ರಾಣೆಬೆನ್ನೂರಿಗೆ ಹೋದಾಗ ಡಾಕ್ಟರ್ ಅಂಜಲಿ ಹೊಸ ಅಚ್ಚು ಕೂರಿಸಲು ನೋಡಿದರು. ಕೂರಲಿಲ್ಲ. ಹಳೆಯದನ್ನು ಹಾಕಿ ನೋಡಿದರು. ಅದೂ ಹಲ್ಲಿಗೂ ತನಗೂ ನಡುವೆ ಸಂದು ಬಿಟ್ಟು ಮೇಲೆಯೇ ನಿಂತಿತು. ಅವರು ಕೈಗವಸು ಬಿಚ್ಚಿ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡರು.

“ಬೇನಜೀರ, ನಾ ಬೈಯೂದಿಲ್ಲ. ಇದನ್ನ ಹಾಕ್ಕೊಳ್ಳೂದು ಬಿಟ್ಟಿ ಹೌದಿಲ್ಲೋ?”

ಹುಡುಗಿ ನೆಲ ನೋಡಿದಳು.

“ಇಲ್ರಿ ಮೇಡಮ್, ದಿನಾ ಹಾಕ್ಕೋತಾಳ,” ಎಂದಳು ಜಾಹೀದಾ. ಹೇಳುವಾಗಲೇ ಅವಳಿಗೆ ಹಲಗೆಯ ಮೇಲಿನ ಡಬ್ಬಿ ಕಣ್ಣ ಮುಂದೆ ಬಂತು. ಖಾರ ತಾಗಬಾರದೆಂದು ತಾನು ಮುಟ್ಟದೆ ಬಿಟ್ಟ ಡಬ್ಬಿ. ಆ ಕಟಕಟ ಕಡಿದ ರೊಟ್ಟಿ. ಹಲ್ಲು ಒಗ್ಗಿರಲಿಲ್ಲ, ಅದನ್ನು ಒತ್ತುವುದೇ ನಿಂತುಹೋಗಿತ್ತು.

“ಹಲ್ಲು ತಿರುಗಿ ತಮ್ಮ ಜಾಗಕ್ಕ ಹೊಂಟಾವ್ರಿ,” ಎಂದರು ಡಾಕ್ಟರು. “ಭಾಳ ಹೋಗಿಲ್ಲ. ಅದರ ಹಿಂದಿನ ಅಚ್ಚಿನಿಂದ ಮತ್ತ ಶುರು ಮಾಡೂಣು. ಆದ್ರ ಆಕಿ ಮನಸ ಮಾಡಬೇಕು. ನೋವು ಭಾಳ ಇದ್ರ ಅದಕ್ಕೂ ದಾರಿ ಅದ, ನಂಗ ಹೇಳ್ಬೇಕಷ್ಟ.”

“ನೋವಿಲ್ರಿ,” ಎಂದಳು ಬೇನಜೀರ ಸಣ್ಣ ದನಿಯಲ್ಲಿ.

ತಾಯಿ ಮಗಳು ಬ್ಯಾಡಗಿಯ ಬಸ್ಸು ಹತ್ತಿದರು. ಮಗಳು ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದಳು. ಬೈಯಬೇಕು ಎಂದು ಜಾಹೀದಾಳಿಗೆ ಎಷ್ಟೋ ಸಲ ಬಾಯಿಗೆ ಬಂತು. ನಿನ್ನ ಅಬ್ಬಾನ ಮಾತಿಗೆ ಇಷ್ಟೇ ಬೆಲೆಯೇನು ಎಂದು ಕೇಳಬೇಕು ಅನ್ನಿಸಿತು. ಆ ಸಣ್ಣ ಹೆಗಲು ನೋಡಿ, ಜಾರಿದ್ದ ದುಪಟ್ಟಾವನ್ನು ಅದರ ಮೇಲೆ ಎಳೆದಳು. ಶೇಂಗಾ ಚಿಕ್ಕಿ ಮಾರುವವನು ಬಸ್ಸಿಗೆ ಹತ್ತಿದಾಗ, “ತಿಂತೀಯೇನ?” ಎಂದು ಮಾತ್ರ ಕೇಳಿದಳು. ಅವಳು ತಲೆ ಅಲ್ಲಾಡಿಸಿದಳು.

ಮನೆಗೆ ಬಂದಾಗ ಸಂಜೆ. ಶರೀಫಾಬಿ ನೆರೆಮನೆಗೆ ಹೋಗಿದ್ದಳು. ಜಾಹೀದಾ ಕೈಗೆ ಎಣ್ಣೆ ಸವರಿಕೊಂಡು ರಾಶಿಯ ಮುಂದೆ ಕುಳಿತಳು. ಬೇನಜೀರ ಬಂದು ಎದುರಿಗೆ ಕುಳಿತು ತಾನೂ ಒಂದು ಕಾಯಿ ಎತ್ತಿಕೊಂಡಳು.

“ನೀ ಮುಟ್ಟಬ್ಯಾಡ. ಅಚ್ಚ ಹಾಕ್ಕೊಳ್ಳೂ ಕೈ.”

ಹುಡುಗಿ ಕಾಯಿ ಕೆಳಗಿಟ್ಟಳು. ಒಣ ಕಾಯಿಗಳು ಒಂದಕ್ಕೊಂದು ತಾಗಿ ಸರಸರ ಎನ್ನುತ್ತಿದ್ದವು. ಸ್ವಲ್ಪ ಹೊತ್ತಿಗೆ ಜಾಹೀದಾ ತಲೆ ಎತ್ತಿ ನೋಡಿದರೆ, ಮಗಳ ಕೆನ್ನೆ ಒದ್ದೆಯಾಗಿತ್ತು.

“ಘಾಟ ಏನ?” ಎಂದು ಕೇಳಿದಳು, ರೂಢಿಯಂತೆ.

“ಹ್ಞೂಂ.”

ಜಾಹೀದಾ ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಹಾಕಿದಳು. ಗಂಡ ಹೋದ ಮೇಲೆ ಈ ಪಡಸಾಲೆಯಲ್ಲಿ ಮೂವರೂ ಹೀಗೆಯೇ ಘಾಟಿನ ಹೆಸರು ಹೇಳಿ ಎಷ್ಟು ಅತ್ತಿರಬಹುದು! ಎಣ್ಣೆ-ಖಾರದ ಕೈಯಿಂದ ಮಗಳನ್ನು ಮುಟ್ಟಲು ಬಾರದೆ, ಮುಂದಕ್ಕೆ ಸರಿದು ಮೊಣಕಾಲಿಗೆ ಮೊಣಕಾಲು ತಾಗಿಸಿದಳು.

“ಘಾಟಲ್ಲ ಅದು, ಬೇನು. ನಾ ಬೈಯಂಗಿಲ್ಲ. ಅಚ್ಚ ಬ್ಯಾಡಂದ್ರ ಬ್ಯಾಡ, ಫಿರೋಜ್ ಮಾಮಾಗ ನಾ ಹೇಳ್ತೀನಿ. ಯಾಕ ಬಿಟ್ಟಿ, ಅಷ್ಟ ಹೇಳು. ನನ್ನ ಕೈಯ ಖಾರಕ್ಕ ಹೆದರಿದೀ?”

ಬೇನಜೀರ ಇಲ್ಲವೆಂದು ತಲೆ ಆಡಿಸಿದಳು. ಬೆರಳು ತಾನಾಗಿ ಬಾಯಿಗೆ ಹೋಯಿತು. ಹೆಗಲೇರಿದ ಆ ಹಲ್ಲು ಈಗ ಅರ್ಧ ಇಳಿದಿತ್ತು, ಅದನ್ನು ಮುಟ್ಟಿ ನೋಡಿಕೊಂಡಳು.

“ದಾದಿ ಅವತ್ತ ನನ್ನ ಗದ್ದ ಹಿಡದು ನೋಡಿ ಯಾಕ ಅತ್ರು, ನಂಗ ಗೊತ್ತೈತಿ,” ಎಂದಳು.

ಜಾಹೀದಾ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಅಮ್ಮೀ, ಮದರಸಾದಾಗ ಹೇಳ್ಯಾರ, ಕಯಾಮತ್ ದಿನ ಸತ್ತವರೆಲ್ಲಾರೂ ಒಂದ ಬಯಲಾಗ ಎದ್ದ ನಿಂದರ್ತಾರ ಅಂತ. ಹಿಂದ ಹುಟ್ಟಿದವರು, ಮುಂದ ಹುಟ್ಟೂವರು, ಎಲ್ಲಾ. ಅಷ್ಟ ಮಂದ್ಯಾಗ ಅಬ್ಬಾ ನನ್ನ ಹುಡುಕ್ತಾ ಬಂದ್ರ...” ತಾಯಿಯ ಮುಖವನ್ನೇ ನೋಡುತ್ತ ಕೇಳಿದಳು:

“ಹಲ್ಲ ನೆಟ್ಟಗಾದ ಮ್ಯಾಲೆ, ನಾ ನಕ್ಕ ತೋರ್ಸಿದ್ರ, ಅಬ್ಬಾಗ ನನ್ನ ಗುರುತ ಸಿಗ್ತೈತೇನ ಅಮ್ಮೀ?”