ಗಾಳಿಗೆ ಬಗ್ಗದ ಅಲೆ

ನಾನು ಒಂದು ರಾಡಾರ್ ಗನ್. ಹೆಸರಿಗೆ ಗನ್ ಆದರೂ ಗುಂಡು ಹಾರಿಸುವುದಿಲ್ಲ. ನನ್ನಿಂದ ಹೊರಡುವುದು ಕಣ್ಣಿಗೆ ಕಾಣದ ರೇಡಿಯೊ ಅಲೆ. ಅದು ಬೆಳಕಿನ ಬಳಗದ್ದು. ಓಡುವ ವಸ್ತುವಿಗೆ ತಾಗಿ ಮರಳುವಾಗ ಅದರ ಕಂಪನ ಚೂರು ಬದಲಾಗುತ್ತದೆ. ಆ ಚೂರನ್ನು ಹಿಡಿದು ವೇಗ ಹೇಳಲೆಂದೇ ನನ್ನನ್ನು ಕಾರ್ಖಾನೆಯಲ್ಲಿ ಜೋಡಿಸಿದರು.

ಮೊದಲು ಹೆದ್ದಾರಿ ಪೊಲೀಸರ ಕೈಯಲ್ಲಿದ್ದೆ. ನನ್ನನ್ನು ಕಂಡರೆ ಸಾಕು, ಎಲ್ಲರೂ ಮುಖ ಸಿಂಡರಿಸಿ ಬ್ರೇಕ್ ಒತ್ತುತ್ತಿದ್ದರು. ಹಾರ್ನ್ ಹೊಡೆಯುತ್ತ ಬರುವ ಲಾರಿಯ ಸದ್ದು ಹತ್ತಿರವಾಗುವಾಗ ಕೀರಲಾಗಿ, ದಾಟಿದೊಡನೆ ದಪ್ಪಗಾಗುತ್ತಿತ್ತು. ಅದೂ ನನ್ನ ವಿದ್ಯೆಯೇ, ಆದರೆ ಗಾಳಿಯಲ್ಲಿ ಸಾಗುವ ಅಲೆಯದು.

ಹೊಸ ಗನ್‌ಗಳು ಬಂದವು. ಹರಾಜಿನಲ್ಲಿ ನನ್ನನ್ನು ಕೊಂಡವರು ಗದಗದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಶೈಲಜಾ ಹಿತ್ತಲಮನಿ. ಅವರ ವಿದ್ಯಾರ್ಥಿನಿ ಭಾಗ್ಯಶ್ರೀ ತಳವಾರ ವೇಗದ ಬೌಲರ್.

ಜಿಲ್ಲೆಯ ಕಿರಿಯರ ಕ್ರಿಕೆಟ್ ತಂಡದ ಆಯ್ಕೆಯ ದಿನ ಕಪ್ಪತಗುಡ್ಡದ ಕಡೆಯಿಂದ ಬಿರುಗಾಳಿ. ಆಯ್ಕೆಗಾರ ಇನಾಮದಾರರು ತಂದಿದ್ದು ಧ್ವನಿಯ ಅಲೆಯಿಂದ ವೇಗ ಅಳೆಯುವ ಯಂತ್ರ. ಭಾಗ್ಯಶ್ರೀ ಎಸೆದಂತೆಲ್ಲ ಅದು ಒಮ್ಮೆ ಗಂಟೆಗೆ ಎಪ್ಪತ್ತು ಕಿಲೋಮೀಟರ್, ಒಮ್ಮೆ ನೂರಾ ಮೂವತ್ತು ಎಂದಿತು.

“ಇದನ್ನ ನಂಬಾಕ ಆಗಂಗಿಲ್ಲ. ಮುಂದಿನ ವರ್ಷ ಬಾರವಾ,” ಎಂದರು.

“ಮುಂದಿನ ವರ್ಷ ನನ್ನ ವಯಸ್ಸು ದಾಟ್ತೈತ್ರಿ ಸರ,” ಎಂದಳು ಭಾಗ್ಯಶ್ರೀ.

ಶೈಲಜಾ ಮೇಡಂ ಓಡಿಹೋಗಿ ನನ್ನನ್ನು ತಂದರು. “ಸರ, ಸಪ್ಪಳಕ್ಕ ಗಾಳಿನ ದಾರಿ. ಗಾಳಿ ಎದ್ರ ಸಪ್ಪಳ ಚದರ್ತೈತಿ. ಇದರ ಅಲೆಗೆ ಗಾಳಿ ಬೇಕಾಗಿಲ್ರಿ, ಬೆಳಕಿನಂಗ.”

“ಹಂಗಾರ ಓಡೋ ಲಾರಿ ಸಪ್ಪಳ ಬದಲಾದಂಗ ಓಡೋ ಚೆಂಡಿನ ಬಣ್ಣನೂ ಬದಲಾಗ್ಬೇಕಲ್ರಿ?” ಎಂದು ಕೇಳಿದರು ಇನಾಮದಾರರು.

“ಆಗ್ತೈತ್ರಿ, ಕಣ್ಣಿಗೆ ಕಾಣಂಗಿಲ್ಲ ಅಷ್ಟ. ಬೆಳಕಿನ ಓಟದ ಮುಂದ ಚೆಂಡು ಏನೂ ಅಲ್ಲ. ಅಂಥಾ ಸಣ್ಣ ಫರಕ್ ಹಿಡಿಯಾಕ ಇದು ಐತಿ.”

ಭಾಗ್ಯಶ್ರೀ ಓಡಿಬಂದಳು. ಧೂಳು ಎದ್ದಿತ್ತು, ಸ್ಟಂಪುಗಳು ಅಲುಗುತ್ತಿದ್ದವು. ನನಗೆ ಮಾತ್ರ ಕೆಂಪು ಚೆಂಡು ಸ್ಪಷ್ಟವಿತ್ತು. ನೂರಾ ಏಳು! ಮತ್ತೆ ಎಸೆದಳು. ನೂರಾ ಎಂಟು! ಮೂರನೆಯದು ನೂರಾ ಹತ್ತು, ಮಧ್ಯದ ಸ್ಟಂಪು ಹಾರಿಬಿತ್ತು.

ಇನಾಮದಾರರು ತಮ್ಮ ಯಂತ್ರ ಬಂದ್ ಮಾಡಿ, “ತಂಡದಾಗ ಅದೀ ತಂಗಿ,” ಎಂದರು. ಮೇಡಂ ನನ್ನನ್ನು ಎದೆಗವಚಿಕೊಂಡರು. ಬದುಕಿನಲ್ಲಿ ಮೊದಲ ಸಲ, ನಾನು ತೋರಿಸಿದ ಅಂಕಿಗೆ ಜನ ಚಪ್ಪಾಳೆ ತಟ್ಟಿದರು.

ಈಗ ನನ್ನ ಪರದೆ ಮಂಕಾಗಿದೆ, ಪ್ರಯೋಗಾಲಯದ ಕಪಾಟೇ ಮನೆ. ಮೊನ್ನೆ ರಾಜ್ಯತಂಡದ ಜೆರ್ಸಿ ತೊಟ್ಟು ಭಾಗ್ಯಶ್ರೀ ಬಂದಳು. ನನ್ನನ್ನು ಮೈದಾನಕ್ಕೆ ಒಯ್ದು ಮೇಡಂ ಕೈಗಿತ್ತು, ಚೆಂಡು ಎಸೆದಳು. ಮಬ್ಬು ಗೆರೆಗಳಲ್ಲಿ ನಾನು ಬರೆದೆ: ನೂರಾ ಹದಿನೇಳು. ಮೇಡಂ ಕನ್ನಡಕ ಏರಿಸಿ ಓದಿ, ಮೈದಾನಕ್ಕೆಲ್ಲ ಕೇಳುವಂತೆ ಕೂಗಿ ಹೇಳಿದರು.