ಬೆಟ್ಟದ ಮೇಲೆ ಸಿಕ್ಕ ಕೊಡೆ

ದೋಣಿ ಅವನನ್ನೂ ಅವಳನ್ನೂ ನರಪಿಳ್ಳೆಯಿಲ್ಲದ ಮರಳಿನ ಮೇಲೆ ಇಳಿಸಿ ಹೊರಟುಹೋಯಿತು. ಇನ್ನು ಬೆಟ್ಟ ಹತ್ತಬೇಕು, ಮೇಲಿನ ಹಳ್ಳಿಯಲ್ಲಿ ಅವನ ಅಮ್ಮನನ್ನು ನೋಡಬೇಕು, ಸಂಜೆಯ ಬಸ್ಸಿನಲ್ಲಿ ಆಚೆ ಬದಿಯಿಂದ ಊರಿಗೆ ಇಳಿಯಬೇಕು. ಬಸ್ಸು ಹತ್ತುವುದರೊಳಗೆ ಅವನೊಡನೆ ಮದುವೆಗೆ ಹೂಂ ಅಥವಾ ಊಹೂಂ ಹೇಳುವೆನೆಂದು ಅವಳು ಮಾತು ಕೊಟ್ಟಿದ್ದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಅವಳಿಗೆ ಅರ್ಧ ಊರಿನ ಕಣ್ಣಿನ ನಂಬರು ಗೊತ್ತು. ಈ ದೋಣಿ ಮೆಕ್ಯಾನಿಕ್ ಮಾತ್ರ ಹತ್ತಿರ ಹಿಡಿದರೂ ಮಸುಕು, ದೂರ ಹಿಡಿದರೂ ಮಸುಕು. ಅಕ್ಕನನ್ನು ಕೇಳಿದರೆ, ಹೋಗಿ ನೋಡಿಕೊಂಡು ಬಾ ಎಂದಷ್ಟೇ ಹೇಳಿ ಸೊಪ್ಪು ಬಿಡಿಸುತ್ತ ಕೂತಿದ್ದಳು.

ಅವನು ಎಂಜಿನ್ನುಗಳ ಕಥೆ ಹೇಳುತ್ತ ಮುಂದೆ, ಅವಳು ಏದುಸಿರು ಬಿಡುತ್ತ ಹಿಂದೆ. ಅರ್ಧ ದಾರಿಯಲ್ಲಿ, ಬಂಡೆಯ ಸಂದಿನಿಂದ ನೀರು ಒಸರುವಲ್ಲಿ ಆಡು ಮೇಯಿಸುವ ಮುದುಕ ಸಿಕ್ಕ. ಅವಳನ್ನು ನೋಡಿದ್ದೇ ಮುಖ ಅರಳಿಸಿದ.

"ಮಂಡಿ ವಾಸಿ ಆಯ್ತೇನಮ್ಮಾ? ಈ ಸಲವಾದ್ರೂ ಬೂಟು ಹಾಕ್ಕೊಂಡು ಬಂದ್ಯಲ್ಲ."

ಅವಳು ಹಿಂತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಮುದುಕನಿಗೆ ಕಣ್ಣು ಮಂಜು ಎಂದು ಮೆಕ್ಯಾನಿಕ್ ನಕ್ಕ. ಕಣ್ಣಿನ ವಿಷಯದಲ್ಲಿ ಅವಳು ಪರರ ಮಾತು ನಂಬುವವಳಲ್ಲ: ಎದುರು ಗುಡ್ಡದ ಮೇಲಿನ ಆಡೊಂದನ್ನು ಮುದುಕ ಗುರುತು ಹಿಡಿದು ಬೈಯುತ್ತಿದ್ದ. ಹಾಗಾದರೆ ಇವನು ಮೊದಲು ತನ್ನಂತೆ ಕಾಣುವ ಯಾವಳನ್ನು ಕರೆತಂದಿದ್ದ? ಕೇಳೋಣವೆಂದರೆ ಅವನ ಬೆನ್ನು ನಿಷ್ಕಳಂಕವಾಗಿ ಕಾಣುತ್ತಿತ್ತು. ಬೆನ್ನುಗಳೆಲ್ಲ ಹಾಗೇ ಕಾಣುತ್ತವೇನೋ.

ಹಳ್ಳಿಯ ಬಸ್ಸು ನಿಲ್ಲುವಲ್ಲೇ ಅವನ ಅಮ್ಮನ ಚಹಾ ಅಂಗಡಿ. ಮಗ ಬಾಯಿ ತೆರೆಯುವ ಮುನ್ನವೇ ಆಕೆ ಒಳಗೆ ಹೋಗಿ ಕಪ್ಪು ಕೊಡೆಯೊಂದನ್ನು ತಂದು ಅವಳ ಕೈಗಿಟ್ಟರು. ಅವತ್ತು ಮರೆತು ಹೋಗಿದ್ದೆಯಲ್ಲ, ಬಂದೇ ಬರುತ್ತೀಯೆಂದು ಎತ್ತಿಟ್ಟಿದ್ದೆ ಎಂದರು. ಮೆಕ್ಯಾನಿಕ್ ಅಮ್ಮನನ್ನೂ ಅವಳನ್ನೂ ಮಿಕಮಿಕ ನೋಡಿದ.

ಕೊಡೆಯ ಮುರಿದ ಕಡ್ಡಿಗೆ ಕನ್ನಡಕದ ಪುಟ್ಟ ಸ್ಕ್ರೂ ಹಾಕಿತ್ತು. ಹಾಕಿದವಳು ಅವಳೇ. ಬಸ್ಸಿನಲ್ಲಿ ಕಳೆಯಿತೆಂದು ಅಕ್ಕ ಹೇಳಿದ್ದ ಕೊಡೆ ಅದು. ಆ ವಾರವೇ ಅಲ್ಲವೇ ಅಕ್ಕ ಬಚ್ಚಲಲ್ಲಿ ಜಾರಿದೆನೆಂದು ಮಂಡಿಗೆ ಎಣ್ಣೆ ತಿಕ್ಕಿಕೊಂಡಿದ್ದು? ಅಕ್ಕತಂಗಿಯರದು ಒಂದೇ ಅಚ್ಚು.

"ಅದು ನಾನಲ್ಲಮ್ಮ. ನಮ್ಮಕ್ಕ."

ಆಕೆ ಬೆಂಚಿನ ಮೇಲೆ ಕುಸಿದು ಕೂತರು. ಯಾರೋ ದಾರಿಹೋಕಳೆಂದು ಚಹಾ ಕೊಟ್ಟು, ಕೇಳಿದಳೆಂದು ಮಗನ ಪುರಾಣವನ್ನೆಲ್ಲ ಬಿಚ್ಚಿಟ್ಟಿದ್ದರಂತೆ: ಕೈ ಶುದ್ಧ, ಮನಸ್ಸು ಮೆದು, ಮುನಿಸಿಕೊಂಡರೆ ಮಾತ್ರ ಮಾತು ಬಿಟ್ಟು ಕಂಬವಾಗುತ್ತಾನೆ, ಕಟ್ಟಿಕೊಂಡವಳ ಗತಿ ದೇವರೇ ಬಲ್ಲ.

ಕೇಳಿದ್ದೇ ಅವನು ಕಂಬವಾದ. ತನ್ನ ಬಗ್ಗೆ ಕದ್ದು ವಿಚಾರಿಸಿಹೋದರೆಂಬ ಸಿಟ್ಟು. ತಾನೂ ಏನೂ ಅರಿಯೆನೆಂದು ಅವಳು ಎಷ್ಟು ಹೇಳಿದರೂ ರಸ್ತೆಯನ್ನೇ ನೋಡುತ್ತ ನಿಂತ. ಬಸ್ಸಿನ ಸದ್ದು ಕೇಳಿಸಿತು.

"ಇದು ಎಷ್ಟು ಹೊತ್ತು ಇರತ್ತೆ?" ಎಂದು ಅವಳು ಆಕೆಯನ್ನು ಮೆಲ್ಲಗೆ ಕೇಳಿದಳು.

"ಹಸಿವಾಗೋ ತನಕ. ತಗೋ, ಬನ್ ಇಟ್ಕೋ."

ಬಂದು ನಿಂತ ಬಸ್ಸಿನ ಬಾಗಿಲ ಬಳಿ ಅವಳು ಬನ್ನು ಮುರಿದು ಅರ್ಧ ಚಾಚಿದಳು. ಅವನು ತೆಗೆದುಕೊಂಡ. ತಿಂದ. ಆಮೇಲೆ, "ಅಮ್ಮ ನಿಮ್ಮಕ್ಕಂಗೆ ಎಲ್ಲಾನೂ ಹೇಳ್ಬಿಟ್ಳಾ?" ಅಂದ.

"ಎಲ್ಲಾ. ಅಷ್ಟು ಕೇಳಿಸ್ಕೊಂಡ ಮೇಲೂ ಅಕ್ಕ ನನ್ನ ಕಳ್ಸಿದಾಳೆ."

ಅದು ಇವನ ಮೇಲಿನ ಭರವಸೆಯೋ, ತನ್ನ ಬಾಯಿ ಎಂಥ ಕಂಬವನ್ನೂ ಮಾತಾಡಿಸುತ್ತದೆಂಬ ಭರವಸೆಯೋ ಅವಳಿಗೆ ಬಗೆಹರಿಯಲಿಲ್ಲ. ಕಂಡಕ್ಟರ್ ಹತ್ತಿ ಹತ್ತಿ ಎಂದು ಅವಸರಿಸಿದ. ಅವಳು ಹೂಂ ಎಂದಳು. ಯಾರಿಗೆ ಅಂದೆ ಎಂಬಂತೆ ಮೆಕ್ಯಾನಿಕ್ ಅವಳ ಮುಖ ನೋಡಿದ.

"ನಿನಗೇ," ಎಂದಳು. ಅಂದ ಮೇಲೆ ತನಗೇ ಆಶ್ಚರ್ಯವಾಗಿ, ಬಿಸಿಲೂ ಇಲ್ಲದ ಮಳೆಯೂ ಇಲ್ಲದ ಆ ಸಂಜೆ ಕೊಡೆ ಬಿಚ್ಚಿ, ಮತ್ತೆ ಮಡಚಿ, ಬಸ್ಸು ಹತ್ತಿದಳು.