ಬೆಟ್ಟದ ಕಡೆಯ ಅಂಗಳ

“ಇನ್ನೊಂಚೂರು ಎಡಕ್ಕ ತಗೋರಿ,” ಎಂದು ತಮ್ಮ ಶಂಕರಪ್ಪ ಕೆಳಗಿನಿಂದ ಹೇಳಿದರು. ಎಡಕ್ಕೆ ಗೋಡೆಯಿತ್ತು. ಎಂವಿಪಿ ಕಾಲೋನಿಯ ಆ ಹಳೆಯ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೊದಲ ತಿರುವಿನಲ್ಲಿ ಗಾಜಿನ ಶವಪೆಟ್ಟಿಗೆ ಸಿಕ್ಕಿಕೊಂಡು, ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನಿಂತುಬಿಟ್ಟಿತ್ತು. ಹೊತ್ತ ನಾಲ್ವರೂ ಬೆವೆತು ಹೋಗಿದ್ದರು. ಒಳಗೆ ಮಲಗಿದ್ದ ಧನಂಜಯ ಒಬ್ಬರಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ.

ಆ ಮನುಷ್ಯ ಜೀವಮಾನವಿಡೀ ಮಾಡಿದ ಕೆಲಸವೇ ಕಟ್ಟಡಗಳ ಮೆಟ್ಟಿಲಿನ ನಕ್ಷೆ ಬರೆಯುವುದು. ವಿಶಾಖಪಟ್ಟಣದಲ್ಲಿ ಎಷ್ಟೋ ಜನ ದಿನಾ ಹತ್ತಿಳಿಯುವುದು ಅವರು ಎಳೆದ ಗೆರೆಗಳ ಮೇಲೆ. ಅವರಿದ್ದ ಬಾಡಿಗೆ ಮನೆಯ ಮೆಟ್ಟಿಲನ್ನು ಮಾತ್ರ ಬೇರೆ ಯಾರೋ ಪುಣ್ಯಾತ್ಮ ಬರೆದಿದ್ದ. ಈ ತಿರುವಿನಲ್ಲಿ ಒಂದು ಮಂಚ ಹೊರಳುವುದಿಲ್ಲ ಎಂದು ಧನಂಜಯ ಎಷ್ಟೋ ಸಲ ಗೊಣಗಿದ್ದುಂಟು.

ಕೊನೆಗೆ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಅವರ ಹೆಂಡತಿ ಕನಕದುರ್ಗ, “ಬೇಡ, ಕೆಳಗೇ ಇಳಿಸಿ. ಪಾರ್ಕಿಂಗ್‌ನಲ್ಲೇ ಇರಲಿ,” ಎಂದರು. ಹಾಗೇ ಆಯಿತು. ನೆರೆಯವರು ಸ್ಕೂಟರುಗಳನ್ನು ಒಂದೊಂದಾಗಿ ಸರಿಸಿ ಜಾಗ ಮಾಡಿದರು. ತಲೆ ದಕ್ಷಿಣಕ್ಕೆ ಬರಲಿ ಎಂದು ಪುರೋಹಿತರು ಹೇಳಿದಾಗ, ಆ ಕತ್ತಲ ಪಾರ್ಕಿಂಗ್‌ನಲ್ಲಿ ದಕ್ಷಿಣ ಯಾವ ಕಡೆ ಎಂದು ಯಾರಿಗೂ ಹೊಳೆಯಲಿಲ್ಲ. ಇಂಥದ್ದನ್ನೆಲ್ಲ ಕೇಳಲು ಇದ್ದವರೇ ಪೆಟ್ಟಿಗೆಯೊಳಗಿದ್ದರು.

ವಿಜಯವಾಡದಲ್ಲಿ, ಕನಕದುರ್ಗ ಅವರ ಅಣ್ಣನ ಮನೆಗೆ ಹೋಗಿದ್ದಾಗ ಧನಂಜಯರಿಗೆ ಎದೆ ಹಿಡಿದುಕೊಂಡಿತ್ತು. ಬೆಂಜ್ ಸರ್ಕಲ್‌ನ ದಟ್ಟಣೆ ದಾಟಿ ಆಸ್ಪತ್ರೆ ಸೇರಿದ್ದೇನೋ ಸರಿ. ಆದರೆ ಅಲ್ಲಿ ವಾರ ಮಲಗಿದವರು ಮತ್ತೆ ಏಳಲಿಲ್ಲ. ಕೃಷ್ಣೆಯ ದಡದಲ್ಲೇ ಮುಗಿಸೋಣ ಎಂದು ತವರಿನವರು ಎಷ್ಟು ಹೇಳಿದರೂ ಕನಕದುರ್ಗ ಒಪ್ಪಲಿಲ್ಲ. ಅವರ ಕೆಲಸದ ಮೇಜು ವಿಶಾಖದಲ್ಲಿದೆ, ಅಲ್ಲಿಗೇ ಹೋಗೋಣ ಎಂದರು. ಗಂಡನನ್ನು ಮೇಜಿನ ಹತ್ತಿರ ಕರೆದುಕೊಂಡು ಹೋಗುವುದೆಂದರೇನು ಎಂದು ಯಾರಿಗೂ ಅರ್ಥವಾಗಲಿಲ್ಲ, ಆದರೂ ಆಂಬುಲೆನ್ಸ್ ಹೊರಟಿತು. ಧನಂಜಯರ ತಮ್ಮ ಶಂಕರಪ್ಪ ಹಾವೇರಿಯಿಂದ ರೈಲು ಹತ್ತಿ ಬಂದಿದ್ದರು.

ಜನ ಬಂದು ಹೂವಿಟ್ಟು ಹೋಗುತ್ತಿದ್ದಾಗ ಗಂಗಾಭವಾನಿ ಬಂದರು. ಊರಂಚಿನ ಮಧುರವಾಡದ ನಕ್ಷೆ ಆಫೀಸಿನಲ್ಲಿ ಧನಂಜಯರ ಪಕ್ಕದ ಮೇಜಿನವರು. ಅವರು ಹೂವಿಡಲಿಲ್ಲ. ಕನಕದುರ್ಗ ಅವರ ಪಕ್ಕದಲ್ಲಿ ನೆಲಕ್ಕೆ ಕುಳಿತು, ಅವರ ಕೈ ಹಿಡಿದು, ಮೆಲ್ಲಗೆ ತೆಲುಗಿನಲ್ಲಿ ಒಂದು ವಿಷಯ ಹೇಳಿದರು. ಬಾಲಿಯ ಕಟ್ಟಡಕ್ಕೆ ಇವತ್ತು ಸಂಜೆಯೊಳಗೆ ಕೊನೆಯ ನಕ್ಷೆ ಹೋಗಬೇಕು. ಧನಂಜಯರು ತಿದ್ದಿದ್ದನ್ನು ಬಿಟ್ಟು ಹಳೆಯದನ್ನೇ ಕಳಿಸು ಎಂದು ಆಫೀಸಿನ ಯಜಮಾನರು ಬೆಳಿಗ್ಗೆ ಹೇಳಿದ್ದಾರೆ. ತಾನು ಇನ್ನೂ ಕಳಿಸಿಲ್ಲ, ಮನಸ್ಸು ಬರಲಿಲ್ಲ.

ಅಲ್ಲಿಯವರೆಗೆ ಅಳದೆ ಕುಳಿತಿದ್ದ ಕನಕದುರ್ಗ ಆಗ ಅತ್ತರು. ಸುತ್ತಲಿದ್ದವರು, ಅಂತೂ ಅತ್ತಳಲ್ಲ ಎಂದು ನಿಟ್ಟುಸಿರು ಬಿಟ್ಟರು.

*

ಬಾಲಿ ದ್ವೀಪದ ಉತ್ತರ ತೀರದ ಒಂದು ಪಟ್ಟಣದಲ್ಲಿ ಶಾಪಿಂಗ್ ಸೆಂಟರ್ ಕಟ್ಟಿಸಲು ಹೊರಟ ಜಕಾರ್ತದ ವ್ಯಾಪಾರಿಯೊಬ್ಬರು, ಅಗ್ಗಕ್ಕೆ ಚೆನ್ನಾಗಿ ನಕ್ಷೆ ಬರೆದುಕೊಡುವವರನ್ನು ಹುಡುಕುತ್ತ ಮಧುರವಾಡಕ್ಕೆ ಬಂದು ತಲುಪಿದ್ದರು. ಆ ನೆಲದ ಪ್ರಕೃತಿ, ಆ ಜನರ ಸಂಸ್ಕೃತಿ ಕಟ್ಟಡದಲ್ಲಿ ಕಾಣಬೇಕು ಎಂಬುದೊಂದೇ ಅವರ ಷರತ್ತು. ಆಫೀಸಿನ ಹಿರಿಯ ವಿನ್ಯಾಸಕಾರ ಅದೇ ತಿಂಗಳು ಬೇರೆ ಕೆಲಸ ಹಿಡಿದಿದ್ದರಿಂದ, ಮೆಟ್ಟಿಲು, ಶೌಚಾಲಯ, ಪಾರ್ಕಿಂಗ್ ಬರೆದುಕೊಂಡಿದ್ದ ಧನಂಜಯರ ಕೈಗೆ ಇಡೀ ಕಟ್ಟಡ ಬಂತು. ಕೂದಲು ಬೆಳ್ಳಗಾದ ಮೇಲೆ ಬಂದ ಅದೃಷ್ಟ.

ಅವರು ಬಾಲಿಗೆ ಹೋದವರಲ್ಲ, ಹೋಗುವವರೂ ಅಲ್ಲ. ಅಲ್ಲಿನ ಸೈಟ್ ನೋಡಿಕೊಳ್ಳುತ್ತಿದ್ದ ಕೆತುತ್ ಎಂಬ ಇಂಜಿನಿಯರ್ ಹೆಂಗಸು ದಿನಾ ಫೋನಿನಲ್ಲಿ ವೀಡಿಯೊ ಕಳಿಸುತ್ತಿದ್ದಳು. ಗದ್ದೆಯಿಂದ ಗದ್ದೆಗೆ ಇಳಿದು ಬರುವ ನೀರು, ಪಾಚಿಗಟ್ಟಿದ ಕಲ್ಲು, ತೆಂಗಿನ ಗರಿ ಅಲ್ಲಾಡುವ ಸದ್ದು. ಧನಂಜಯ ಊಟದ ತಟ್ಟೆಯ ಮುಂದೆ ಅದನ್ನೇ ನೋಡುತ್ತ ಕುಳಿತುಬಿಡುತ್ತಿದ್ದರು. ಕರೆದರೆ ದೂರದಿಂದ ವಾಪಸು ಬಂದವರಂತೆ ಕಣ್ಣು ಪಿಳುಕಿಸುತ್ತಿದ್ದರು. ಕಟ್ಟಡ ತೆಂಗಿನ ಮರಕ್ಕಿಂತ ಎತ್ತರ ಹೋಗಬಾರದಂತೆ ಎಂದು ತಾವೇ ಕಂಡುಹಿಡಿದ ಹಾಗೆ ಹೇಳುತ್ತಿದ್ದರು. ಅಂಗಡಿಗಳ ನಡುವೆ ಗದ್ದೆಯ ಕಾಲುವೆಯಂತೆ ನೀರು ಮೆಟ್ಟಿಲಿಳಿದು ಹರಿಯಬೇಕು, ಏಸಿ ಬೇಡ, ಗಾಳಿಯೇ ಓಡಾಡಲಿ ಎಂದು ಬರೆದರು. ಗೋಡೆಗೆ ಪಾಚಿ ಹಿಡಿಸಲು ಮಜ್ಜಿಗೆ ಬಳಿಯಬೇಕೆಂದು ಎಲ್ಲೋ ಕೇಳಿ, ಬಾಲ್ಕನಿಯಲ್ಲಿ ಇಟ್ಟಿಗೆ ಜೋಡಿಸಿ ಕನಕದುರ್ಗ ಕಡೆದಿಟ್ಟ ಮಜ್ಜಿಗೆಯನ್ನೆಲ್ಲ ಅದಕ್ಕೆ ಕುಡಿಸಿದರು. ಇಟ್ಟಿಗೆ ಹಸಿರಾಯಿತು, ಮನೆ ಹುಳಿ ನಾತ ಹೊಡೆಯಿತು.

ಕನಸಿನಲ್ಲೂ ಅವರು ಅಲ್ಲೇ ಓಡಾಡುತ್ತಿದ್ದರು. ಒಂದು ಬೆಳಿಗ್ಗೆ ಎದ್ದು, ರಾತ್ರಿ ಅಲ್ಲಿ ಬಳೆ ಅಂಗಡಿಗೆ ಹೋಗಿದ್ದೆ, ನಿನ್ನ ಅಳತೆ ಮರೆತೆ ಎಂದು ನಿಜವಾಗಿಯೂ ಬೇಸರ ಮಾಡಿಕೊಂಡರು. ಮಕ್ಕಳಿಲ್ಲದ ಮನೆಯಲ್ಲಿ ಆ ಕಟ್ಟಡ ತಡವಾಗಿ ಹುಟ್ಟಿದ ಮಗುವಿನ ಹಾಗೆ ಬೆಳೆಯುತ್ತಿತ್ತು. ಕನಕದುರ್ಗ ಗೇಲಿ ಮಾಡುತ್ತಿದ್ದರು, ಒಳಗೊಳಗೇ ಹಿಗ್ಗುತ್ತಿದ್ದರು.

*

ತಪ್ಪಾದದ್ದು ದೇವರ ಅಂಗಳದಲ್ಲಿ. ಬಾಲಿಯಲ್ಲಿ ಮನೆಯಾಗಲಿ ಅಂಗಡಿಯಾಗಲಿ, ದೇವರಿಗೊಂದು ಅಂಗಳ ಬಿಡಬೇಕು. ಧನಂಜಯ ಎರಡನೇ ಯೋಚನೆಯೇ ಇಲ್ಲದೆ ಅದನ್ನು ಈಶಾನ್ಯದಲ್ಲಿಟ್ಟರು. ದೇವಮೂಲೆ ಈಶಾನ್ಯವಲ್ಲದೆ ಇನ್ನೆಲ್ಲಿರುತ್ತದೆ? ಅವರೂ ಹಿಂದೂಗಳು, ನಮ್ಮ ವಾಸ್ತುವೇ ಅಲ್ಲಿಗೂ ಹೋಗಿರುವುದು ಎಂದು ಆಫೀಸಿನವರೆಲ್ಲ ಹೆಮ್ಮೆಪಟ್ಟು, ನಕ್ಷೆಯನ್ನು ಕೆತುತ್‌ಗೆ ಕಳಿಸಿದರು.

ಕೆತುತ್ ವೀಡಿಯೊ ಕರೆ ಮಾಡಿದಳು. ಫೋನನ್ನು ಒಂದು ಕಡೆ ತಿರುಗಿಸಿದಳು. ಮೋಡ ಹೊದ್ದ ನೀಲಿ ಬೆಟ್ಟ ಕಂಡಿತು. ಇನ್ನೊಂದು ಕಡೆ ತಿರುಗಿಸಿದಳು. ಕಡಲು ಕಂಡಿತು. ನಮ್ಮಲ್ಲಿ ದೇವರಿರುವುದು ಬೆಟ್ಟದ ಕಡೆ, ಅದಕ್ಕೆ ದಿಕ್ಸೂಚಿಯ ಹಂಗಿಲ್ಲ ಎಂದಳು. ದ್ವೀಪದ ದಕ್ಷಿಣ ಮಗ್ಗುಲಲ್ಲಿ ಬೆಟ್ಟ ಉತ್ತರಕ್ಕಿದೆ, ಹಾಗಾಗಿ ನಿಮ್ಮ ಲೆಕ್ಕ ಅಲ್ಲಿ ಸರಿಹೋದೀತು. ನಮ್ಮದು ಉತ್ತರ ತೀರ, ನಮಗೆ ಬೆಟ್ಟ ದಕ್ಷಿಣಕ್ಕೆ. ನೀವು ದೇವರನ್ನು ಕೂರಿಸಿರುವುದು ಕಡಲಿನ ಕಡೆ, ಆ ಕಡೆಗೆ ನಾವು ಹೋಗುವುದು ಸತ್ತವರ ಬೂದಿ ಹಿಡಿದುಕೊಂಡು. ಇಷ್ಟನ್ನು ಅವಳು ನೋಯಿಸದಂತೆ, ನಗುತ್ತಲೇ ಹೇಳಿದಳು.

ಆ ಸಂಜೆ ಧನಂಜಯ ಹೆಂಡತಿಯನ್ನು ಕರೆದುಕೊಂಡು ಕೈಲಾಸಗಿರಿ ಹತ್ತಿದರು. ಕೆಳಗೆ ಊರು, ಅದರಾಚೆ ಕಡಲು. ತನಗಾದ ನಾಚಿಕೆಯನ್ನು ಹೇಳಿಕೊಂಡರು. ಕನಕದುರ್ಗ ನಕ್ಕರು. ವಿಜಯವಾಡದಲ್ಲಿ ಹುಟ್ಟಿದವಳಿಗೆ ಇದೆಲ್ಲ ಹೊಸದಲ್ಲ. ಅವರ ಕನ್ನಡದಲ್ಲಿ ‘ರೀ’ ಎನ್ನುವ ಕಡೆ ತೆಲುಗಿನ ‘ಅಂಡಿ’ ಬರುತ್ತಿತ್ತು. “ನಮ್ಮೂರಲ್ಲೂ ಅಷ್ಟೇ ಅಲ್ವಾ ಅಂಡಿ. ಬೆಟ್ಟದ ಕಡೆ ಅಮ್ಮನವರು, ನದಿ ಕಡೆ ಸ್ನಾನದ ಘಾಟು. ಈಶಾನ್ಯ ಎಲ್ಲಿದೆ ಅಂತ ನಾನು ಯಾವತ್ತೂ ಹುಡುಕಲಿಲ್ಲ. ತಲೆ ಎತ್ತಿದ್ರೆ ಗುಡಿ ಕಾಣ್ತಿತ್ತು.”

ಧನಂಜಯ ಹೆಂಡತಿಯ ಮುಖವನ್ನೇ ನೋಡುತ್ತ ನಿಂತರು. ಇಷ್ಟು ವರ್ಷ ಜೊತೆಗಿದ್ದೂ ಇವಳ ಊರನ್ನು ತಾನು ನೋಡಿಯೇ ಇಲ್ಲ ಎನ್ನಿಸಿತಂತೆ. ಹಾಗೆಂದು ಅವರೇ ಬಾಯಿಬಿಟ್ಟು ಹೇಳಿದರು. ಮಾರನೆಯ ದಿನದಿಂದ ಕಟ್ಟಡವನ್ನು ಮೊದಲಿಂದ ಬರೆಯಲು ಕುಳಿತರು. ಅಂಗಳವನ್ನು ಬೆಟ್ಟದ ಕಡೆಗೆ ಒಯ್ದರು. ಆದರೆ ಬೆಟ್ಟದ ಕಡೆಯೇ ದೊಡ್ಡ ರಸ್ತೆ, ಬಾಡಿಗೆ ಹೆಚ್ಚು ಬರುವ ಜಾಗ. ಅಂಗಳ ಅಲ್ಲಿಗೆ ಬಂದರೆ ಎರಡು ಅಂಗಡಿ ಕಳೆದುಕೊಳ್ಳಬೇಕು. ಜಕಾರ್ತದ ವ್ಯಾಪಾರಿ ಮುಖ ಗಂಟಿಕ್ಕಿ ಹಳೆಯ ನಕ್ಷೆಯೇ ಸಾಕೆಂದದ್ದು ಅದಕ್ಕೆ.

*

ಆಫೀಸಿನ ಯಜಮಾನ ರಾಮ್‌ಪ್ರಸಾದ್ ದೊಡ್ಡ ಹಾರ ಹಿಡಿದು ಪಾರ್ಕಿಂಗ್‌ಗೆ ಬಂದರು. ಬಳ್ಳಾರಿ ಮೂಲದ ಮನೆತನ, ವಿಶಾಖದಲ್ಲಿ ಎರಡು ತಲೆಮಾರಿನಿಂದ ಬೇರುಬಿಟ್ಟವರು. ಒಳ್ಳೆಯ ಮನುಷ್ಯ, ಗಿರಾಕಿಯ ಮಾತು ಮೀರಿದವರಲ್ಲ. ಹಾರ ಹಾಕಿ, ಗಾಜಿನ ಮೇಲೆ ಕೈಯಿಟ್ಟು ನಿಂತು, ಕಣ್ಣೊರೆಸಿಕೊಂಡರು. ಅಲ್ಲಿಂದ ಸರಿಯಬೇಕೆನ್ನುವಷ್ಟರಲ್ಲಿ ಕನಕದುರ್ಗ ಅವರನ್ನು ಹೆಸರು ಹಿಡಿದು ಕರೆದರು. ಹಳೆಯ ನಕ್ಷೆ ಕಳಿಸುತ್ತಿರುವುದು ನಿಜವೇ ಎಂದು ಕೇಳಿದರು.

ಹೆಣದ ಮುಂದೆ ಆಫೀಸಿನ ಮಾತೇ ಎಂದು ಹೆಂಗಸರಲ್ಲಿ ಗುಸುಗುಸು ಎದ್ದಿತು. ರಾಮ್‌ಪ್ರಸಾದ್ ಗಂಗಾಭವಾನಿಯತ್ತ ಒಮ್ಮೆ ನೋಡಿ, ಸುಳ್ಳು ಹೇಳಲಾಗದೆ, “ಇವತ್ತು ಆ ಮಾತು ಬ್ಯಾಡಮ್ಮ,” ಎಂದರು. “ಅದೂ ಧನಂಜಯಾರು ಬರೆದಿದ್ದೇ. ಶಾಪಿಂಗಿಗೆ ಬರೋ ಜನ ದಿಕ್ಕು ಯಾರು ನೋಡ್ತಾರೆ?”

ಕನಕದುರ್ಗ ಎದ್ದು ನಿಂತರು. ಪೆಟ್ಟಿಗೆಯ ಮೇಲೆ ಕೈಯಿಟ್ಟರು.

“ಅಲ್ಲಿ ಕೈ ಮುಗಿಯೋಳು ಒಬ್ಬಳಾದ್ರೂ ಬರ್ತಾಳೆ ಕದಾ ಅಂಡಿ. ದೇವರನ್ನ ಬೂದಿ ಬಿಡೋ ಕಡೆ ಕೂರಿಸಿದ ಪಾಪಿ ಯಾರು ಅಂತ ಕೇಳ್ತಾಳೆ. ಆಗ ಇವರ ಹೆಸರೇ ಅಲ್ವಾ ಹೇಳೋದು? ತಪ್ಪು ಮಾಡಿದ್ದು ಇವರೇ, ನಿಜ. ಅದನ್ನ ತಿದ್ದಿ ಹೋಗಿದ್ದಾರೆ. ತಿದ್ದಿದ್ದನ್ನ ನೀವು ಅಳಿಸಬೇಡಿ. ಇನ್ನೊಂದು ಸಲ ತಿದ್ದೋಕೆ ಇವರು ಬರಲ್ಲ.”

ಶಂಕರಪ್ಪನಿಗೆ ನಕ್ಷೆಯ ವಿಷಯ ಏನೂ ಗೊತ್ತಿರಲಿಲ್ಲ. ಆದರೂ ಅತ್ತಿಗೆಯ ಪಕ್ಕಕ್ಕೆ ಬಂದು ನಿಂತು, “ಅವರು ಹೇಳಿದಂಗ ಮಾಡ್ರಿ ಸಾಹೇಬ್ರ,” ಎಂದರು.

ರಾಮ್‌ಪ್ರಸಾದ್ ಫೋನ್ ತೆಗೆದುಕೊಂಡು ಪಾರ್ಕಿಂಗ್‌ನ ಬಾಗಿಲ ಬಳಿ ಹೋಗಿ ನಿಂತರು. ಅವರು ಅತ್ತಿತ್ತ ಅಡ್ಡಾಡುವುದು, ಒಂದು ಕೈಯಿಂದ ಹಣೆ ಉಜ್ಜಿಕೊಳ್ಳುವುದು ಎಲ್ಲರಿಗೂ ಕಾಣುತ್ತಿತ್ತು. ಪುರೋಹಿತರು ಹೊತ್ತಾಯಿತು ಎಂದು ಎರಡು ಸಲ ನೆನಪಿಸಿದರು. ಕನಕದುರ್ಗ ಪೆಟ್ಟಿಗೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

ತಿರುಗಿ ಬಂದ ರಾಮ್‌ಪ್ರಸಾದ್ ಜಕಾರ್ತದವರೊಡನೆ ನಡೆದ ಮಾತನ್ನು ಹೇಳಿದರು. ಹಳೆಯ ನಕ್ಷೆಗೆ ನಮ್ಮ ಆಫೀಸು ಸಹಿ ಹಾಕುವುದಿಲ್ಲ, ಬೇಕಾದರೆ ಬೇರೆಯವರಿಂದ ಬರೆಸಿಕೊಳ್ಳಿ ಎಂದುಬಿಟ್ಟಿದ್ದರಂತೆ. ಆ ವ್ಯಾಪಾರಿ ಎರಡು ಅಂಗಡಿಯ ಬಗ್ಗೆ ಇನ್ನೂ ಗೊಣಗುತ್ತಿದ್ದವರು, ಬರೆದವರು ತೀರಿಕೊಂಡರೆಂದು ಕೇಳಿ ತಣ್ಣಗಾದರು. ಸತ್ತವರ ಕೊನೆಯ ತಿದ್ದುಪಡಿಯ ಮೇಲೆ ಕೈಯಿಡಲು ಎಂಥ ಲೆಕ್ಕಾಚಾರದವರಿಗೂ ಅಳುಕು. ಸರಿ, ಬೆಟ್ಟದ ಕಡೆಯೇ ಇರಲಿ ಎಂದರಂತೆ.

“ಈಗಲೇ ಕಳಿಸಿಬಿಡಮ್ಮ,” ಎಂದು ಗಂಗಾಭವಾನಿಗೆ ಹೇಳಿ, ರಾಮ್‌ಪ್ರಸಾದ್ ಬೂಟು ಬಿಚ್ಚಿಟ್ಟು ಚಟ್ಟಕ್ಕೆ ಹೆಗಲು ಕೊಟ್ಟರು. ಗಂಗಾಭವಾನಿ ಒಂದು ಸ್ಕೂಟರಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ತೆರೆದರು. ಗಂಡಸರು ಧನಂಜಯರನ್ನು ಎತ್ತಿಕೊಂಡು ಬಿಸಿಲಿಗೆ ಇಳಿದರು. ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಕನಕದುರ್ಗ ನೋಡಿದರು. ಮೈಯೆಲ್ಲ ಹಗುರಾಗಿ, ತಾನೂ ಎಲ್ಲೋ ತೇಲಿ ಹೋಗುತ್ತೇನೇನೋ ಎನ್ನಿಸಿ ಕಂಬ ಹಿಡಿದುಕೊಂಡರು.

*

ಗಂಡಸರು ಸ್ಮಶಾನದಿಂದ ಇನ್ನೂ ಬಂದಿರಲಿಲ್ಲ. ನೆಲ ತೊಳೆದಾಗಿತ್ತು. ಸ್ಕೂಟರುಗಳು ಒಂದೊಂದಾಗಿ ತಮ್ಮ ಜಾಗಕ್ಕೆ ವಾಪಸು ಬರುತ್ತಿದ್ದವು. ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲಿ ಕುಳಿತಿದ್ದ ಕನಕದುರ್ಗ ಅವರ ಮುಂದೆ ಗಂಗಾಭವಾನಿ ಫೋನ್ ಹಿಡಿದರು. ಕೆತುತ್ ಕರೆ ಮಾಡಿದ್ದಳು.

ಅಲ್ಲಿ ಆಗಲೇ ಸಂಜೆಗೆಂಪು. ಕೆತುತ್‌ಳ ಮುಖ ಅತ್ತು ಊದಿಕೊಂಡಿತ್ತು. ಅವಳು ಫೋನನ್ನು ಸೈಟಿನ ಕಡೆ ತಿರುಗಿಸಿದಳು. ಬೋಳು ನೆಲ. ಒಂದು ಗೋಡೆಯೂ ಇಲ್ಲ, ಒಂದು ಕಂಬವೂ ಇಲ್ಲ. ನಕ್ಷೆ ಬಂದದ್ದೇ ತಡ ಯಾರೋ ಸುಣ್ಣದ ಪುಡಿಯಲ್ಲಿ ಅಂಗಳದ ಅಳತೆ ಗುರುತು ಹಾಕಿದ್ದರು. ಚೌಕಾಕಾರದ ಬಿಳಿ ಗೆರೆ, ಬಾಗಿಲು ಬರುವ ಕಡೆ ಒಂದಿಷ್ಟು ಬಿಟ್ಟಿತ್ತು. ಹಿಂದೆ ಬೆಟ್ಟ ಕಪ್ಪಾಗುತ್ತಿತ್ತು.

ಕೆಲಸ ಮುಗಿಸಿದ ಕೂಲಿ ಹೆಂಗಸೊಬ್ಬಳು ಬೆಟ್ಟಕ್ಕೆ ಕೈ ಮುಗಿಯಲು ಆ ಕಡೆ ಬಂದಳು. ಸುತ್ತ ಎಲ್ಲ ಬಯಲು, ಎಲ್ಲಿಂದ ಬೇಕಾದರೂ ನಡೆದುಹೋಗಬಹುದಿತ್ತು. ಅವಳು ಗೆರೆಯ ಹೊರಗೇ ಸುತ್ತಿ ಬಂದು, ಗೆರೆ ಬಿಟ್ಟ ಜಾಗದಲ್ಲಿ ನಿಂತು ಸೊಂಟಕ್ಕೆ ಸುತ್ತಿದ ವಸ್ತ್ರ ಸರಿಮಾಡಿಕೊಂಡು, ಅಲ್ಲಿಲ್ಲದ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಹೋದಳು.